ಗವಿಪುರದ ಬಿಸಿಲು ಹೇಳುವುದೇ ಬೇರೆ

ಜನವರಿ ಬಂತೆಂದರೆ ಬೆಂಗಳೂರಿನ ಜಯನಗರ, ಬನಶಂಕರಿಯ ಮನೆಗಳಲ್ಲಿ ಎಳ್ಳು-ಬೆಲ್ಲದ ಜೊತೆ ಒಂದು ಮಾತೂ ಹಂಚಿಕೆಯಾಗುತ್ತದೆ: ಸಂಕ್ರಾಂತಿಯಂದು ಸೂರ್ಯ ಉತ್ತರಕ್ಕೆ ತಿರುಗುತ್ತಾನೆ, ಅದಕ್ಕೆ ಗವಿಪುರದ ಗುಹಾಲಯದ ಗವಿ ಗಂಗಾಧರೇಶ್ವರನೇ ಸಾಕ್ಷಿ. ಸಂಜೆಯ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಬೆರಗಿಗೆ ನಾನೂ ತಲೆಬಾಗುತ್ತೇನೆ. ಆದರೆ ಆ ಸಾಕ್ಷಿಯನ್ನು ನಾವು ಅರ್ಧಕ್ಕೇ ಕೇಳಿ ಎದ್ದುಬಿಟ್ಟಿದ್ದೇವೆ.

ಖಗೋಳವಿಜ್ಞಾನಿ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದಂತೆ ಕಿರಣ ಲಿಂಗ ಮುಟ್ಟುವುದು ವರ್ಷಕ್ಕೆ ಎರಡು ಸಲ. ಜನವರಿ ಮಧ್ಯದಲ್ಲಿ ಒಮ್ಮೆ, ಯಾರೂ ನೆರೆಯದ ನವೆಂಬರ್ ಕೊನೆಯಲ್ಲಿ ಇನ್ನೊಮ್ಮೆ. ದಕ್ಷಿಣಕ್ಕೆ ಹೋಗುವಾಗ ಮುಟ್ಟಿದ ಸೂರ್ಯ ಮರಳುವಾಗ ಮತ್ತೆ ಮುಟ್ಟುತ್ತಾನೆ. ಎರಡರ ನಟ್ಟನಡುವೆ ಬರುವುದು ಡಿಸೆಂಬರ್ 21-22, ಅಂದರೆ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವ ಅಯನ. ಸಂಕ್ರಾಂತಿಯ ಹೊತ್ತಿಗೆ ಸೂರ್ಯ ತಿರುಗಿ ಮೂರು ವಾರ ಕಳೆದಿರುತ್ತದೆ.

ಶಿಲ್ಪಿಯ ಗುರಿ ಸಂಕ್ರಾಂತಿಯೇ ಆಗಿತ್ತು ಎನ್ನುವವರಿದ್ದಾರೆ. ಗುಡಿ ಕಟ್ಟಿಸಿದರೆನ್ನಲಾದ ಕೆಂಪೇಗೌಡರ ಕಾಲಕ್ಕೆ ಸಂಕ್ರಾಂತಿ ಈಗಿಗಿಂತ ಸುಮಾರು ಆರು ದಿನ ಅಯನಕ್ಕೆ ಹತ್ತಿರವಿತ್ತು. ಅಂದು ಕಿರಣವನ್ನು ಸಂಕ್ರಾಂತಿಗೆ ಕರಾರುವಾಕ್ಕಾಗಿ ಕೂಡಿಸಿದ್ದರೆ ಇಂದು ಕಿರಣ ಜನವರಿ 8ರ ಸುಮಾರಿಗೇ ಬರಬೇಕು. ಮೇಲಾಗಿ, 18ನೇ ಶತಮಾನದ ಕೊನೆಗೆ ಇಂಗ್ಲಿಷ್ ಚಿತ್ರಕಾರರಾದ ಡೇನಿಯಲ್‌ಗಳು ಬರೆದ ಈ ಗುಡಿಯ ಚಿತ್ರದಲ್ಲಿ ಈಗಿನಷ್ಟು ಕಟ್ಟಡವೇ ಇಲ್ಲ. ಈಗಿನ ಕಿರಣದ ದಾರಿಯನ್ನು ಪೂರ್ತಿಯಾಗಿ ಮೂಲ ಶಿಲ್ಪಿಯ ಲೆಕ್ಕಕ್ಕೆ ಹಚ್ಚುವುದು ಆತುರದ ತೀರ್ಮಾನ.

ಅಯನದ ಸುತ್ತಲಿನ ಇಂಥ ಹಬ್ಬಗಳ ಬೇರುಗಳೆಲ್ಲ ಪ್ರಾಚೀನ ಪರ್ಷಿಯದಲ್ಲಿವೆ ಎಂಬ ಇನ್ನೊಂದು ವಾದವೂ ನನಗೆ ಒಪ್ಪಿಗೆಯಿಲ್ಲ. ಕೋಲು ನೆಟ್ಟು ನೆರಳು ನೋಡಿದ ಯಾವ ಊರಿಗೂ ಅಯನವನ್ನು ಎರವಲು ತರಬೇಕಿರಲಿಲ್ಲ. ಇರಾನಿನ ದೀರ್ಘರಾತ್ರಿಯ ಹಬ್ಬ ಯಲ್ದಾ ನನಗೆ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಅವರ ಪಂಚಾಂಗ ಋತುವಿಗೆ ಕಟ್ಟಿಕೊಂಡಿದೆ. 1079ರ ಜಲಾಲಿ ಪಂಚಾಂಗ ಸುಧಾರಣೆಯಲ್ಲಿ ಒಮರ್ ಖಯ್ಯಾಮನ ಕೈಯೂ ಇತ್ತು. ಹಾಗಾಗಿ ದಾಳಿಂಬೆ, ಕಲ್ಲಂಗಡಿ ತಿನ್ನುತ್ತ ಎಚ್ಚರವಿರುವ ಆ ರಾತ್ರಿ ಇಂದಿಗೂ ಡಿಸೆಂಬರಿನ ದೀರ್ಘರಾತ್ರಿಯೇ. ನಮ್ಮ ಸಂಕ್ರಾಂತಿ ನಕ್ಷತ್ರಗಳ ಲೆಕ್ಕದ್ದು. ಸುಮಾರು 72 ವರ್ಷಕ್ಕೊಂದು ದಿನದಂತೆ ಅಯನದಿಂದ ಸರಿಯುತ್ತಿದೆ. ಸಂಕ್ರಾಂತಿ, ಅಯನ ಎರಡೂ ಕೂಡಿದ್ದು ಸುಮಾರು 1700 ವರ್ಷಗಳ ಹಿಂದೆ.

ಯಲ್ದಾಕ್ಕೆ ನಮ್ಮಲ್ಲಿ ಸಾಟಿ ಹುಡುಕುವವರು ಸಂಕ್ರಾಂತಿಯನ್ನು ಬಿಟ್ಟು ಧನುರ್ಮಾಸವನ್ನು ನೋಡಬೇಕು. ವರ್ಷದ ಅತಿ ದೀರ್ಘ ರಾತ್ರಿಗಳು ಬರುವುದು ಆಗಲೇ. ಬೆಳಗಾಗುವ ಮುನ್ನವೇ ಗುಡಿಗಳಲ್ಲಿ ಪೂಜೆ ಮುಗಿದು ಬಿಸಿ ಹುಗ್ಗಿ ಕೈಗೆ ಬರುವುದೂ ಆಗಲೇ.

ಸಂಕ್ರಾಂತಿಯನ್ನು ಡಿಸೆಂಬರಿಗೆ ಎಳೆಯಬೇಕೆಂದು ನಾನು ಹೇಳುತ್ತಿಲ್ಲ. ಮಕರ ಪ್ರವೇಶ ತನ್ನಷ್ಟಕ್ಕೆ ಹಬ್ಬವೇ. ಅದಕ್ಕೆ ಅಯನದ ಹೊರೆ ಬೇಡ. ಮೇಘನಾದ ಸಹಾ ಸಮಿತಿಯ ಶಿಫಾರಸಿನಂತೆ 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ ಪುಷ್ಯವನ್ನು ಡಿಸೆಂಬರ್ 22ಕ್ಕೇ ಆರಂಭಿಸುತ್ತದೆ. ಮನೆಯ ಪಂಚಾಂಗಗಳೂ ಆ ದಿನವನ್ನು ಎದ್ದುಕಾಣುವಂತೆ ಅಚ್ಚುಹಾಕಲಿ. ಗವಿಪುರದಲ್ಲಿ ನವೆಂಬರಿನ ಕಿರಣದ ಸಂಜೆಗಳನ್ನೂ ಭಕ್ತರಿಗೆ ಮುಂಚಿತವಾಗಿ ತಿಳಿಸಲಿ.