ಹಳಗನ್ನಡ ವಿದ್ಯೆಯ ಪುನರುಜ್ಜೀವನ: ಕಡೂರು, ತರೀಕೆರೆ ಶಾಸನಗಳ ಸಾಕ್ಷ್ಯ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ನಾಡಿನಲ್ಲಿ ನಡೆದ ಹಳಗನ್ನಡ ವಿದ್ಯೆಯ ಪುನರುಜ್ಜೀವನವು ಕೆಲವು ಗ್ರಂಥಗಳ ಮುದ್ರಣವಷ್ಟೇ ಅಲ್ಲ. ಬಸದಿ, ಮಠ ಹಾಗೂ ಶ್ರಾವಕರ ಮನೆಗಳ ಓಲೆಗಟ್ಟುಗಳಲ್ಲಿ ಉಳಿದುಬಂದಿದ್ದ ಜೈನ ಕಾವ್ಯರಾಶಿಯು ಅದರಿಂದ ಸಮಸ್ತ ಕನ್ನಡಿಗರ ಸೊತ್ತಾಯಿತು. 1872ರಲ್ಲಿ ಕಿಟೆಲ್ ಅವರು ಮಂಗಳೂರಿನಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದುದರಿಂದ ಹಳಗನ್ನಡವನ್ನು ಓದುವ ಕೀಲಿಕೈ ದೊರೆಯಿತು. 1898ರಲ್ಲಿ ಬಿ.ಎಲ್. ರೈಸ್ ಅವರ ಪಂಪಭಾರತವೂ ಕೆ.ಬಿ. ಪಾಠಕರ ಕವಿರಾಜಮಾರ್ಗವೂ ಹೊರಬಂದವು. ಜಿನಮತವನ್ನರಿಯದ ವಿದ್ಯಾರ್ಥಿಯೂ ಪಂಪನನ್ನು ತನ್ನ ಆದಿಕವಿಯೆಂದು ಓದತೊಡಗಿದನು. ಈ ಉಪಕಾರವು ದೊಡ್ಡದು. ಆದರೆ ಆ ವಿದ್ವತ್ತು ಯಾವುದನ್ನು ಎತ್ತಿಹಿಡಿಯಿತು, ಯಾವುದನ್ನು ಬದಿಗಿರಿಸಿತು ಎಂಬುದನ್ನೂ ನಾವು ವಿಚಾರಿಸಬೇಕಾಗಿದೆ.

ಈ ವಿಚಾರಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವು ಉತ್ತಮ ಆಧಾರ. 1901ರಲ್ಲಿ ಪ್ರಕಟವಾದ ಆ ಸಂಪುಟವು ಅಂದಿನ ಕಡೂರು ಜಿಲ್ಲೆಯದು, ಎಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯದು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರವು ಆಗ ತರೀಕೆರೆ ತಾಲ್ಲೂಕಿನೊಳಗೇ ಇದ್ದಿತು. ಅದರಲ್ಲಿನ ಎರಡು ಶಾಸನಗಳನ್ನು ಇಲ್ಲಿ ಎದುರುಬದುರಾಗಿಟ್ಟು ನೋಡೋಣ.

ಮೊದಲನೆಯದು ತರೀಕೆರೆ ಸಮೀಪದ ಅಮೃತಾಪುರದ್ದು. ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಅಲ್ಲಿ ಶಿವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನದ ಪದ್ಯಗಳನ್ನು ರಚಿಸಿದವನು ಜಿನಭಕ್ತನಾದ ಜನ್ನ. 1209ರಲ್ಲಿ ಯಶೋಧರ ಚರಿತೆಯನ್ನೂ 1230ರಲ್ಲಿ ಅನಂತನಾಥ ಪುರಾಣವನ್ನೂ ಬರೆದ ಕವಿಚಕ್ರವರ್ತಿಯು ಅದಕ್ಕೂ ಮೊದಲು ಶಿವಾಲಯದ ಶಿಲೆಗೆ ತನ್ನ ವಾಣಿಯನ್ನು ಕೊಟ್ಟಿದ್ದನು. ಓಲೆಯ ಕವಿಯೂ ಶಿಲೆಯ ಕವಿಯೂ ಒಬ್ಬನೇ ಎಂದು ತಿಳಿದಾಗ ಕವಿಯ ಕಾಲವು ಸ್ಥಿರಪಟ್ಟಿತು. ಮತಭೇದವು ವಿದ್ಯೆಯ ಕೊಡುಕೊಳೆಗೆ ಅಡ್ಡಬರಲಿಲ್ಲವೆಂಬುದೂ ಸ್ಪಷ್ಟವಾಯಿತು. ರೈಸ್ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯು ಓಲೆಗರಿಯನ್ನೂ ಶಾಸನವನ್ನೂ ಹೀಗೆ ಹೊಂದಿಸಿ ನೋಡಿದ ಶ್ರಮದ ಫಲ. ಅದರ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಬೆಳಕು ಕಂಡವು.

ಎರಡನೆಯದು ಕಡೂರಿನ ಕಂಬದ ಶಾಸನ, ಕ್ರಿ.ಶ. 971ರದು. ಗಂಗ ಬೂತುಗನ ಅಕ್ಕ ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸನ್ನಾಚರಿಸಿ ಮುಡಿಪಿದಳೆಂದು ಅದು ತಿಳಿಸುತ್ತದೆ. ಈ ಲೆಕ್ಕದಂತೆ ಅವಳು ಅರಮನೆಯನ್ನು ತೊರೆದುದು 941ರ ಸುಮಾರಿಗೆ. ಪಂಪನು ಆದಿಪುರಾಣವನ್ನು ಪೂರೈಸಿದುದೂ ಆ ಸುಮಾರಿನಲ್ಲಿಯೇ. ಇವೆರಡಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಉಚಿತವಲ್ಲ. ಆದರೆ ರಾಜಭೋಗವನ್ನು ಬಿಟ್ಟು ವೈರಾಗ್ಯವನ್ನು ಹಿಡಿಯುವ ಕಥೆಯನ್ನು ಕವಿಯು ಹಾಡುತ್ತಿದ್ದ ಕಾಲದಲ್ಲಿ ಒಬ್ಬ ರಾಜಪುತ್ರಿಯು ಅದನ್ನು ಬಾಳಿ ತೋರಿಸುತ್ತಿದ್ದಳೆಂಬುದು ಅಲಕ್ಷಿಸತಕ್ಕ ಸಂಗತಿಯಲ್ಲ.

ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ಪುನರುಜ್ಜೀವನದ ವಿದ್ವತ್ತು ಶಿಲೆಯಲ್ಲಿ ಕವಿಯನ್ನು ಅರಸಿತು. ಆದುದರಿಂದ ಜನ್ನನ ಶಾಸನವು ಸಾಹಿತ್ಯಚರಿತ್ರೆಯನ್ನು ಸೇರಿತು. ಪಾಂಬಬ್ಬೆಯ ಶಾಸನವು ಧರ್ಮೇತಿಹಾಸದ ಪುಟಗಳಲ್ಲಿ ಉಳಿಯಿತು. ಕಾವ್ಯವು ಒಂದು ಕಡೆ, ಆ ಕಾವ್ಯವನ್ನು ಆಲಿಸಿ ಆಚರಿಸಿದ ಸಮಾಜವು ಮತ್ತೊಂದು ಕಡೆ ಎಂಬ ವಿಭಾಗವು ರೂಢಿಗೆ ಬಂದಿತು. ಜೈನ ಪುರಾಣಗಳಲ್ಲಿ ವರ್ಣನೆಯನ್ನು ಮೆಚ್ಚಿ, ತತ್ತ್ವಭಾಗವನ್ನು ಭಾರವೆಂದು ದಾಟಿಹೋಗುವ ಪಠ್ಯಕ್ರಮಕ್ಕೂ ಮೂಲವಿದೇ. ಆ ಕಾಲದ ವಿದ್ಯೆಯಾದರೋ ಹೀಗೆ ಒಡೆದುದಾಗಿರಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಗೆ ಕಾವ್ಯವೂ ದಾನವೂ ವ್ರತವೂ ಒಂದೇ ಬಾಳಿನ ಮುಖಗಳಾಗಿದ್ದವು.

ಮೊದಲ ತಲೆಮಾರಿನ ಸಂಪಾದಕರನ್ನು ಇದಕ್ಕಾಗಿ ದೂರಲಾಗದು. ಕಳೆದುಹೋಗುತ್ತಿದ್ದುದನ್ನು ಉಳಿಸುವುದೇ ಅವರಿಗೆ ಮೊದಲ ಕರ್ತವ್ಯವಾಗಿತ್ತು. ಅವರು ಉಳಿಸಿಕೊಟ್ಟುದನ್ನು ಕೂಡಿಸಿ ಓದುವ ಹೊಣೆ ನಮ್ಮದು. ಹಸ್ತಪ್ರತಿಯನ್ನು ಪರಿಶೀಲಿಸುವಾಗ ಕವಿಯ ಪ್ರಶಸ್ತಿಯೊಡನೆ ಪ್ರತಿಯನ್ನು ಬರೆದವರ, ಬರೆಯಿಸಿದವರ, ಶಾಸ್ತ್ರದಾನವಾಗಿ ಪಡೆದವರ ಹೆಸರುಗಳನ್ನೂ ಸೂಚಿಯಲ್ಲಿ ತಪ್ಪದೆ ದಾಖಲಿಸಬೇಕು. ಆಯಾ ಪ್ರದೇಶದ ನಿಸಿದಿಗಳೊಡನೆ ಅವನ್ನು ಹೋಲಿಸಬೇಕು. ಅಮೃತಾಪುರದ ಶಿಲೆಯನ್ನೂ ಕಡೂರಿನ ಕಂಬವನ್ನೂ ಒಂದೇ ಚರಿತ್ರೆಯ ಎರಡು ಪತ್ರಗಳೆಂದು ಓದಿದಾಗಲೇ ಆ ಪುನರುಜ್ಜೀವನದ ಕಾರ್ಯವು ಪೂರ್ಣವಾದೀತು.