ಸರಿ ಗುರುತಿನ ಮಿತಿ: ಮೀನುಗಳ ಹೊಂದಾಣಿಕೆ ಕೋಷ್ಟಕವನ್ನು ಓದುವುದು ಹೇಗೆ?

ಅಕ್ವೇರಿಯಂ ಅಂಗಡಿಗಳ ಗೋಡೆಯ ಮೇಲೆ ತೂಗುಹಾಕಿರುವ ಒಂದು ಕೋಷ್ಟಕವನ್ನು ನೀವು ನೋಡಿರಬಹುದು. ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಮೀನುಗಳ ಹೆಸರುಗಳು. ಅವೇ ಹೆಸರುಗಳು ಮೇಲಿನ ಅಡ್ಡಸಾಲಿನಲ್ಲೂ ಇರುತ್ತವೆ. ಎರಡು ಹೆಸರುಗಳು ಸಂಧಿಸುವ ಮನೆಯಲ್ಲಿ 'ಸರಿ' ಗುರುತು ಇದ್ದರೆ ಆ ಎರಡು ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಸಾಕಬಹುದು; 'ತಪ್ಪು' ಗುರುತು ಇದ್ದರೆ ಕೂಡದು. ಈ ಕೋಷ್ಟಕ ಶಾಲೆಗಳ ವಿಜ್ಞಾನ ಪ್ರದರ್ಶನಗಳಿಗೂ ಬಂದಿದೆ. ಕೆಲವು ವರ್ಷಗಳ ಹಿಂದೆ ಅಂಕೋಲೆಯ ಕಡೆ ನಡೆದ ಒಂದು ಪ್ರದರ್ಶನದಲ್ಲಿ ನಿರ್ಣಾಯಕನಾಗಿದ್ದ ನಾನು, ಅಚ್ಚುಕಟ್ಟಾಗಿ ಬಣ್ಣ ಹಾಕಿ ಬರೆದ ಇಂಥ ಕೋಷ್ಟಕವೊಂದಕ್ಕೆ ಬಹುಮಾನ ಕೊಟ್ಟೆ. "ಇದು ಸರಿ ಎಂದು ನಿಮಗೆ ಹೇಗೆ ತಿಳಿಯಿತು?" ಎಂದು ಮಕ್ಕಳನ್ನು ಕೇಳಲಿಲ್ಲ. ಅದು ನನ್ನ ತಪ್ಪು. ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಅಳಿವೆಯ ಎರಡು ಮೀನುಗಳು

ಉದಾಹರಣೆಗೆ ನಮ್ಮ ನೀರಿನ ಎರಡು ಮೀನುಗಳನ್ನೇ ತೆಗೆದುಕೊಳ್ಳೋಣ. ಪಶ್ಚಿಮ ಕರಾವಳಿಯ ಅಳಿವೆ ಮತ್ತು ಹಿನ್ನೀರುಗಳಲ್ಲಿ ಸಿಗುವ ಹಸಿರು ಕ್ರೋಮೈಡ್ (ಎಟ್ರೋಪ್ಲಸ್ ಸುರಾಟೆನ್ಸಿಸ್) ಮೊದಲನೆಯದು. ಕೇರಳದಲ್ಲಿ ಇದೇ 'ಕರಿಮೀನು'. ಎರಡನೆಯದು ಅದರ ಸಂಬಂಧಿಯಾದ ಕಿತ್ತಳೆ ಕ್ರೋಮೈಡ್ (ಸ್ಯೂಡೆಟ್ರೋಪ್ಲಸ್ ಮ್ಯಾಕುಲೇಟಸ್). ಮೊದಲನೆಯದು ಸಾಮಾನ್ಯವಾಗಿ 20 ಸೆಂಟಿಮೀಟರ್ ಬೆಳೆಯುತ್ತದೆ. ಎರಡನೆಯದು ಸುಮಾರು 8 ಸೆಂಟಿಮೀಟರ್. ದಕ್ಷಿಣ ಕನ್ನಡದ ನದಿಗಳ ಎಟ್ರೋಪ್ಲಸ್ ಕೆನರೆನ್ಸಿಸ್ ಅನ್ನೂ ಸೇರಿಸಿದರೆ, ಸಿಕ್ಲಿಡ್ ಕುಟುಂಬದಲ್ಲಿ ಭಾರತದ ಮೂಲ ನಿವಾಸಿಗಳು ಈ ಮೂರೇ.

ಇವೆರಡೂ ನಿಸರ್ಗದಲ್ಲಿ ಒಂದೇ ನೀರಿನಲ್ಲಿ ಬಾಳುತ್ತವೆ. ಹಾಗಾದರೆ ಕೋಷ್ಟಕದಲ್ಲಿ 'ಸರಿ' ಗುರುತು ಹಾಕಬಹುದಲ್ಲವೆ? ಸ್ವಲ್ಪ ತಾಳಿ. ಕಿತ್ತಳೆ ಕ್ರೋಮೈಡ್ ಹಸಿರು ಕ್ರೋಮೈಡಿನ ಮೈಮೇಲಿನ ಪರೋಪಜೀವಿಗಳನ್ನು ಕುಕ್ಕಿ ತೆಗೆದು ಶುಚಿಗೊಳಿಸುತ್ತದೆ. ಇದನ್ನು ವೈಮನ್ ಮತ್ತು ವಾರ್ಡ್ ಎಂಬ ವಿಜ್ಞಾನಿಗಳು 1972ರಲ್ಲಿ ವರದಿ ಮಾಡಿದರು. ಆದರೆ ಇದೇ ಕಿತ್ತಳೆ ಕ್ರೋಮೈಡ್ ಅದೇ ಹಸಿರು ಕ್ರೋಮೈಡಿನ ಮೊಟ್ಟೆ ಮತ್ತು ಮರಿಗಳನ್ನು ತಿನ್ನುವುದೂ ಉಂಟು. ದೊಡ್ಡದಕ್ಕೆ ಸೇವಕ, ಅದರ ಸಂತಾನಕ್ಕೆ ಶತ್ರು! ಈಗ ಆ ಮನೆಯಲ್ಲಿ ಯಾವ ಗುರುತು ಹಾಕುತ್ತೀರಿ?

ಸಮಮಿತಿ ಮತ್ತು ಕರ್ಣ

ಇಲ್ಲಿ ಕೋಷ್ಟಕದ ಮೊದಲ ದೋಷ ಕಾಣುತ್ತದೆ. ಅದು ಸಮಮಿತಿಯುಳ್ಳ ಕೋಷ್ಟಕ. 'ಅ' ಸಾಲು 'ಬ' ಅಂಕಣದಲ್ಲಿ ಇರುವುದೇ 'ಬ' ಸಾಲು 'ಅ' ಅಂಕಣದಲ್ಲೂ ಇರುತ್ತದೆ. ಆದ್ದರಿಂದಲೇ ಅದರ ಅರ್ಧಭಾಗವನ್ನು ಮಾತ್ರ ಅಚ್ಚು ಹಾಕುವುದುಂಟು. ಎರಡು ಊರುಗಳ ನಡುವಿನ ದೂರಕ್ಕೆ ಇದು ಸರಿ. ಕಾರವಾರದಿಂದ ಅಂಕೋಲೆಗೆ ಎಷ್ಟೋ ಅಂಕೋಲೆಯಿಂದ ಕಾರವಾರಕ್ಕೂ ಅಷ್ಟೇ. ಆದರೆ ತಿನ್ನುವುದು, ಅಟ್ಟುವುದು, ಶುಚಿಗೊಳಿಸುವುದು ಇವೆಲ್ಲ ದಿಕ್ಕುಳ್ಳ ಸಂಬಂಧಗಳು. ಯಾರಿಂದ ಯಾರಿಗೆ ಎಂದು ಹೇಳದಿದ್ದರೆ ಅರ್ಥವೇ ಆಗದು.

ಎರಡನೆಯ ದೋಷ ಕರ್ಣದ್ದು. ಒಂದು ಪ್ರಭೇದ ತನ್ನದೇ ಪ್ರಭೇದವನ್ನು ಸಂಧಿಸುವ ಮನೆಗಳನ್ನು ಖಾಲಿ ಬಿಡುವುದು ವಾಡಿಕೆ. ಕ್ರೋಮೈಡುಗಳಲ್ಲಿ ತಂದೆ ತಾಯಿ ಎರಡೂ ಮೊಟ್ಟೆಗಳನ್ನು ಕಾಯುತ್ತವೆ. ಕಾಯುವ ಜೋಡಿ ತನ್ನ ಪ್ರಭೇದದ ಇತರ ಮೀನುಗಳನ್ನೂ ಹತ್ತಿರ ಬಿಡದು. ಎಂದರೆ ಮುಖ್ಯವಾದ ಕೆಲವು ಜಗಳಗಳು ನಾವು ಖಾಲಿ ಬಿಟ್ಟ ಮನೆಗಳಲ್ಲೇ ಇವೆ.

ಇಲ್ಲದ ಅಂಕಣಗಳು

"ಫೀನಾಲ್ ಮತ್ತು ನೀರು ಬೆರೆಯುತ್ತವೆಯೇ?" ಎಂದು ಕೇಳಿದರೆ ರಸಾಯನಶಾಸ್ತ್ರದ ವಿದ್ಯಾರ್ಥಿ 'ಹೌದು' ಅಥವಾ 'ಇಲ್ಲ' ಎನ್ನುವುದಿಲ್ಲ. "ಯಾವ ಉಷ್ಣತೆಯಲ್ಲಿ, ಯಾವ ಪ್ರಮಾಣದಲ್ಲಿ?" ಎಂದು ಮರುಪ್ರಶ್ನೆ ಹಾಕುತ್ತಾನೆ. ಸುಮಾರು 66 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅವು ಯಾವ ಪ್ರಮಾಣದಲ್ಲಾದರೂ ಬೆರೆಯುತ್ತವೆ. ಕೆಳಗಾದರೆ ಕೆಲವು ಪ್ರಮಾಣಗಳಲ್ಲಿ ಎರಡು ಪದರಗಳಾಗುತ್ತವೆ. ಬೆರೆಯುವುದು ಜೋಡಿಯ ಗುಣವಷ್ಟೇ ಅಲ್ಲ, ಸ್ಥಿತಿಯ ಗುಣವೂ ಹೌದು. ಮೀನುಗಳ ಹೊಂದಾಣಿಕೆಯೂ ಹಾಗೆಯೇ. ಕೋಷ್ಟಕದಲ್ಲಿ ಆ ಸ್ಥಿತಿಯನ್ನು ಹೇಳುವ ಒಂದು ಅಂಕಣವೂ ಇಲ್ಲ.

ಮೊದಲು ಜಾಗ. ಅಂಕೋಲೆ, ಕುಮಟಾ ತಾಲ್ಲೂಕುಗಳ ಗಜನಿಗಳನ್ನು ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ಗಜನಿಯಲ್ಲಿ ಅಟ್ಟಿಸಿಕೊಂಡ ಮೀನು ದೂರ ಓಡಬಹುದು. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ ಅತಿ ದೂರದ ಎರಡು ಮೂಲೆಗಳ ನಡುವೆ ಇರುವುದು 73 ಸೆಂಟಿಮೀಟರ್ ಮಾತ್ರ. ನಿಸರ್ಗದಲ್ಲಿ ಕೂಡಿ ಬಾಳುತ್ತವೆ ಎಂಬುದು ತೊಟ್ಟಿಗೆ ಸಾಕ್ಷಿಯಾಗದು.

ಎರಡನೆಯದು ಉಪ್ಪು. ಕಾಳಿ ಮತ್ತು ಗಂಗಾವಳಿಯ ಅಳಿವೆಗಳಲ್ಲಿ ಮಳೆಗಾಲದ ನೀರು ಹೆಚ್ಚುಕಡಿಮೆ ಸಿಹಿ. ಏಪ್ರಿಲ್, ಮೇ ತಿಂಗಳಿಗೆ ಅದು ಸಮುದ್ರದ ಉಪ್ಪಿಗೆ ಹತ್ತಿರವಾಗುತ್ತದೆ. ಅಳಿವೆಯ ಮೀನು ಈ ಏರಿಳಿತವನ್ನು ಸಹಿಸುತ್ತದೆ. ಅಂಗಡಿಯಿಂದ ತಂದ ಸಿಹಿನೀರಿನ ಮೀನು ಅದನ್ನು ತಡೆಯಲಾರದು.

ಮೂರನೆಯದು ಕಾಲ. ಅಂಗಡಿಯಲ್ಲಿ 5 ಸೆಂಟಿಮೀಟರ್ ಇದ್ದ ಹಸಿರು ಕ್ರೋಮೈಡ್ 20 ಸೆಂಟಿಮೀಟರ್ ಆದಾಗ ಉದ್ದ ನಾಲ್ಕು ಪಟ್ಟು. ಆಕಾರ ಬದಲಾಗದೆಂದು ಊಹಿಸಿದರೆ ತೂಕ 64 ಪಟ್ಟು. ತಂದ ದಿನ ನಿಜವಾಗಿದ್ದ 'ಸರಿ' ಗುರುತು ವರ್ಷದ ನಂತರವೂ ನಿಜವಾಗಿರಬೇಕಿಲ್ಲ.

ಎರಡಕ್ಕೆ ಸರಿ, ಮೂರಕ್ಕೆ?

'ಅ' ಮತ್ತು 'ಬ' ಹೊಂದುತ್ತವೆ, 'ಬ' ಮತ್ತು 'ಕ' ಹೊಂದುತ್ತವೆ, 'ಅ' ಮತ್ತು 'ಕ' ಸಹ ಹೊಂದುತ್ತವೆ. ಆದ್ದರಿಂದ ಮೂರನ್ನೂ ಒಟ್ಟಿಗೆ ಬಿಡಬಹುದು. ಕೋಷ್ಟಕವನ್ನು ಎಲ್ಲರೂ ಓದುವುದು ಹೀಗೆ. ಆದರೆ ನೀರು ಎಲ್ಲಕ್ಕೂ ಒಂದೇ. ಮೇಲಿನ ತೊಟ್ಟಿ ಅಂಚಿನವರೆಗೆ ತುಂಬಿದರೆ 54 ಲೀಟರ್ ಹಿಡಿಯುತ್ತದೆ. 30 ಡಿಗ್ರಿಯಲ್ಲಿ ಗಾಳಿಯೊಡನೆ ಸಮತೋಲದಲ್ಲಿರುವ ಸಿಹಿನೀರಿನ ಪ್ರತಿ ಲೀಟರಿನಲ್ಲಿ ಕರಗಿರುವ ಆಕ್ಸಿಜನ್ ಸುಮಾರು 7.5 ಮಿಲಿಗ್ರಾಂ, ಸಮುದ್ರದ ನೀರಿನಲ್ಲಿ ಸುಮಾರು 6.2. ಇಡೀ ತೊಟ್ಟಿಯ ಸಿಹಿನೀರಿನಲ್ಲಿ ಅರ್ಧ ಗ್ರಾಂ ಆಕ್ಸಿಜನ್ ಕೂಡ ಇಲ್ಲ! ಮೀನುಗಳು ಹೊರಬಿಡುವ ಅಮೋನಿಯವೂ ಈ ನೀರಿಗೇ ಸೇರಬೇಕು. 25 ಡಿಗ್ರಿಯಲ್ಲಿ ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಒಂದನ್ನೊಂದು ಮುಟ್ಟದ 'ಸೌಮ್ಯ' ಮೀನುಗಳೂ ಹೀಗೆ ಪರಸ್ಪರ ಕೊಲ್ಲಬಲ್ಲವು.

ಕೋಷ್ಟಕದ ಉಪಯೋಗ

ಹಾಗಾದರೆ ಕೋಷ್ಟಕವನ್ನು ಹರಿದು ಹಾಕಬೇಕೆ? ಬೇಡ. ಅದರ 'ತಪ್ಪು' ಗುರುತುಗಳಿಗೆ ಬೆಲೆಯಿದೆ. ದೊಡ್ಡ ಬಾಯಿಯ ಮೀನು ಚಿಕ್ಕದನ್ನು ನುಂಗುತ್ತದೆ ಎಂಬ ಎಚ್ಚರಿಕೆಯನ್ನು ನಂಬಿದವನು ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ 'ಸರಿ' ಗುರುತನ್ನು ನಂಬಿದಾಗ ತಪ್ಪಾದರೆ ಬೆಲೆ ತೆರುವುದು ಮೀನು. ಒಂದೇ ಕೋಷ್ಟಕದ ಎರಡು ಗುರುತುಗಳಿಗೆ ಸಮಾನ ತೂಕ ಕೊಡಬಾರದು. 'ತಪ್ಪು' ಗುರುತನ್ನು ಸಲಹೆಯಾಗಿ ಸ್ವೀಕರಿಸಿ. 'ಸರಿ' ಗುರುತನ್ನು ಪರೀಕ್ಷಿಸಬೇಕಾದ ಊಹೆಯಾಗಿ ಓದಿ.

ಶಿಕ್ಷಕರು ಇದನ್ನೇ ಒಂದು ಪ್ರಯೋಗವಾಗಿ ಮಾಡಿಸಬಹುದು. ತೊಟ್ಟಿಯ ಅಳತೆ, ಉಷ್ಣತೆ, ಮೀನುಗಳ ಸಂಖ್ಯೆ ಮತ್ತು ಉದ್ದವನ್ನು ಬರೆದಿಡಲಿ. ಉಪ್ಪನ್ನು ತಕ್ಕಡಿಯಲ್ಲೇ ಅಂದಾಜು ಮಾಡಬಹುದು: ಒಂದು ಲೀಟರ್ ಸಮುದ್ರದ ನೀರು ಅಷ್ಟೇ ಸಿಹಿನೀರಿಗಿಂತ ಸುಮಾರು 26 ಗ್ರಾಂ ಹೆಚ್ಚು ತೂಗುತ್ತದೆ. ಮೊದಲ ವಾರ ತೊಟ್ಟಿಯ ನಡುವೆ ಗಾಜಿನ ತಡೆ ಇರಲಿ. ತಡೆ ತೆಗೆದ ಮೇಲೆ ದಿನಕ್ಕೆ ಮೂರು ಬಾರಿ, ಹತ್ತು ಹತ್ತು ನಿಮಿಷ, ಯಾರು ಯಾರನ್ನು ಎಷ್ಟು ಸಲ ಅಟ್ಟಿದರು ಎಂದು ಎಣಿಸಲಿ. ಮೂಲೆ ಸೇರಿ ಮೇವು ಬಿಟ್ಟ ಮೀನು ಕಂಡರೆ ಆ ಕ್ಷಣವೇ ತಡೆ ಹಾಕಲಿ. ಸಾಯುವವರೆಗೆ ಕಾಯುವುದು ಪ್ರಯೋಗವಲ್ಲ. ಬೇಡವಾದ ಅಂಗಡಿ ಮೀನನ್ನು ಹೊಳೆಗೆ ಬಿಡುವುದೂ ಕೂಡದು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ ಇಂದು ಎಷ್ಟು ಕೆರೆ ಹೊಳೆಗಳಲ್ಲಿದೆ ಎಂಬುದು ನಿಮಗೆ ಗೊತ್ತೇ ಇದೆ.

ಕೊನೆಗೆ ಮಕ್ಕಳು ಬರೆಯುವ ವಾಕ್ಯ 'ಇವೆರಡೂ ಹೊಂದುತ್ತವೆ' ಎಂದಿರದೆ, 'ಇಷ್ಟು ನೀರಿನಲ್ಲಿ, ಇಷ್ಟು ಉಪ್ಪಿನಲ್ಲಿ, ಇಷ್ಟು ಮೀನುಗಳು, ಇಷ್ಟು ದಿನ ಹೀಗೆ ವರ್ತಿಸಿದವು' ಎಂದಿರಲಿ. ನೋಡಲು ಅದು ಬಣ್ಣದ ಕೋಷ್ಟಕದಷ್ಟು ಅಂದವಾಗಿರಲಾರದು. ಮುಂದಿನ ಸಲ ನಿರ್ಣಾಯಕನಾದರೆ ನಾನು ಬಹುಮಾನ ಕೊಡುವುದು ಅದಕ್ಕೇ.