ಮೊದಲು ಕಾಲು, ಆಮೇಲೆ ಕೊಳಲು

ನಮ್ಮ ಅರಕಲಗೂಡಿನ ಕಡೆ ಕೊಳಲು ಕಲಿಯಲು ಯಾರು ಹೊರಟರೂ ಕೇಳಿಬರುವ ಮಾತು ಒಂದೇ. ಮೊದಲು ಸರಳೆ, ಜಂಟಿ, ಅಲಂಕಾರ ಮುಗಿಯಲಿ, ಗೀತೆಗಳು ಬೆರಳಿಗೆ ಬರಲಿ. ಕೋಲಾಟದ ಪದವೆಲ್ಲ ಆಮೇಲೆ ತಾನಾಗಿಯೇ ಬರುತ್ತದೆ. ಈ ಮಾತಿಗೆ ಇಲ್ಲಿ ತೂಕವೂ ಹೆಚ್ಚು. ರುದ್ರಪಟ್ಟಣ ನಮ್ಮದೇ ತಾಲ್ಲೂಕಿನ ಊರು, ಕರ್ನಾಟಕ ಸಂಗೀತದ ಹಾಡುಗಾರ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ಕಾವೇರಿ ದಂಡೆಯ ಆ ಊರಿನ ಸಂಗೀತದ ಮೇಲೆ ನನಗಿರುವ ಗೌರವ ಸಣ್ಣದಲ್ಲ. ಆದರೂ ಹೇಳುತ್ತೇನೆ: ಕೋಲಾಟದ ಮಟ್ಟು ತಾನಾಗಿ ಬರುವುದಿಲ್ಲ.

ಮೂರು ವರ್ಷ ವರಸೆ ತಿದ್ದಿದ ಮೇಲೆ ನಾನು ಒಂದು ಹಳೆಯ ಕೋಲಾಟದ ಮಟ್ಟನ್ನು ಸ್ವರ ಹಾಕಿ ಬರೆದುಕೊಂಡೆ. ಒಂದು ಸ್ವರವೂ ತಪ್ಪಿಲ್ಲದ ಹಾಗೆ ನುಡಿಸಿದೆ. ಪಕ್ಕದ ಮನೆಯ ಅಜ್ಜಿ, ಪ್ರಾಯದಲ್ಲಿ ಹಬ್ಬದ ರಾತ್ರಿಯೆಲ್ಲ ಕೋಲು ಹುಯ್ದವರು, ಜಗುಲಿಯ ಮೇಲೆ ಕೂತು ಕೇಳಿದರು. "ಚೆನ್ನಾಗೈತೆ ಮಗ, ಆದ್ರೆ ಇದಕ್ಕೆ ಕೋಲು ಎಲ್ಲಿ ಹಾಕ್ಲಿ?" ಅಂದರು. ಉತ್ತರ ನನಗೆ ತಿಳಿಯಲಿಲ್ಲ.

ಯೋಚಿಸಿದರೆ ಕಾರಣ ಕಣ್ಣೆದುರೇ ಇತ್ತು. ಸರಳೆಯಲ್ಲಿ ಸ್ವರಕ್ಕೆ ಸ್ವರ ಸಮ. ಶ್ರುತಿ ನಿಲ್ಲುವುದಕ್ಕೆ, ಬೆರಳು ಹದವಾಗುವುದಕ್ಕೆ ಅದು ಬೇಕೇ ಬೇಕು. ಆದರೆ ನಾನು ಬರೆದುಕೊಂಡ ಮಟ್ಟು ತಕಿಟ ತಕಿಟ ಎನ್ನುವ ಮೂರರ ನಡೆಯದು. ಕೋಲಿಗೆ ಕೋಲು ತಾಗುವ ಸ್ವರಕ್ಕೆ ಒಂದು ಭಾರ, ಕಾಲು ಮೇಲೆದ್ದಿರುವಾಗ ಬರುವ ಸ್ವರಕ್ಕೆ ಇನ್ನೊಂದು. ಹಾಡುವವರು ತೊಡೆಯ ಮೇಲೆ ತಾಳ ಹಾಕಿಕೊಂಡು ಕಲಿಯುತ್ತಾರೆ. ಕೊಳಲಿನವರಿಗೆ ಆ ಅನುಕೂಲವಿಲ್ಲ, ಎರಡು ಕೈಯೂ ತೂತಿನ ಮೇಲೆ. ತಾಳಕ್ಕೆ ಉಳಿಯುವ ಜಾಗ ಕಾಲೊಂದೇ. ಆ ಕಾಲನ್ನೂ ಚಕ್ಕಳಮಕ್ಕಳ ಮಡಿಸಿ ಕೂರಿಸಿ, ಕುಣಿತದ ಮಟ್ಟು ತಾನಾಗಿ ಬರಲಿ ಎಂದು ನಾವು ಕಾಯುತ್ತೇವೆ.

ಉಸಿರಿನ ಮಾತು ಇನ್ನೂ ದೊಡ್ಡದು. ಕೋಲಾಟದಲ್ಲಿ ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಎತ್ತಿದವರು ಉಸಿರು ತೆಗೆದುಕೊಳ್ಳುವುದು ಆ ಹೊತ್ತಿನಲ್ಲಿ. ಕಾಲ ಏರಿದಷ್ಟೂ ಆಟ ನಡೆಯುವುದು ಈ ಹಂಚಿಕೆಯಿಂದ. ಕೊಳಲಿನವನು ಎರಡನ್ನೂ ತಾನೊಬ್ಬನೇ ನುಡಿಸಹೊರಟರೆ ನಾಲ್ಕನೇ ಸುತ್ತಿಗೆ ಏದುಸಿರು. "ಉಸಿರಿನ ಸಾಧನೆ ಸಾಲದು" ಎಂದು ನನಗೂ ಹೇಳಿದರು. ಕೊರತೆಯಿದ್ದದ್ದು ಎದೆಯಲ್ಲಲ್ಲ. ಇಬ್ಬರ ಪಾಲನ್ನು ಒಬ್ಬನ ಬಾಯಿಗೆ ತುರುಕಿ ಬರೆದುಕೊಂಡ ಆ ಹಾಳೆಯಲ್ಲಿ ಇತ್ತು.

ರಾಮನಾಥಪುರದ ಷಷ್ಠಿ ಜಾತ್ರೆಯಲ್ಲಿ ಬಾಯಿಗೆ ಬಿರಡೆ ಕೂರಿಸಿದ, ನೇರ ಹಿಡಿದು ಊದುವ ಬಿದಿರ ಕೊಳಲು ಸಿಗುತ್ತದೆ. ಅದನ್ನು ಮಕ್ಕಳ ಆಟಿಕೆ ಎಂದು ತಳ್ಳಿಹಾಕುವುದು ಇನ್ನೊಂದು ತಪ್ಪು. ಯುರೋಪಿನ ರೆಕಾರ್ಡರ್ ಇದರದೇ ಜಾತಿಯ ವಾದ್ಯ: ಅದೇ ಬಿರಡೆಯ ಬಾಯಿ, ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಇಂಥ ಕೊಳಲಲ್ಲಿ ಜೋರಾಗಿ ಊದಿದರೆ ಶ್ರುತಿ ಏರಿಬಿಡುತ್ತದೆ. ಹಾಗಾಗಿ ಪೆಟ್ಟನ್ನು ಉಸಿರಿನ ಜೋರಿನಿಂದ ಕೊಡಲು ಬಾರದು. ಹಿಂದಿನ ಸ್ವರವನ್ನು ಕೊಂಚ ಮೊದಲೇ ಮುಗಿಸಿ, ಚಿಟಿಕೆಯಷ್ಟು ಜಾಗ ಬಿಟ್ಟು, ಮುಂದಿನದನ್ನು "ತು" ಎಂದು ನಾಲಿಗೆಯಿಂದ ಬಿಡಬೇಕು. ಕೋಲು ಬೀಳುವುದು ಆ ಜಾಗದ ಬೆನ್ನಿಗೇ. ಕುಣಿತಕ್ಕೆ ಬೇಕಾದ ಈ ಪಾಠವನ್ನು ಆ ಅಗ್ಗದ ಕೊಳಲು ಕಲಿಸಿದಷ್ಟು ಚೆನ್ನಾಗಿ ನನಗೆ ಬೇರೇನೂ ಕಲಿಸಲಿಲ್ಲ.

ಹಾಳೆಯ ಮೇಲೂ ಹೆಜ್ಜೆಯನ್ನು ಬಿಡದೆ ಬರೆದವರಿದ್ದಾರೆ. 1589ರಲ್ಲಿ ಫ್ರಾನ್ಸಿನ ಲಾಂಗ್ರ್ ಪಟ್ಟಣದ ಪಾದ್ರಿಯೊಬ್ಬರು ತ್ವಾನೋ ಆರ್ಬೋ ಎಂಬ ಹೆಸರಲ್ಲಿ 'ಆರ್ಕೆಸೋಗ್ರಾಫಿ' ಎಂಬ ಕುಣಿತದ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಸ್ವರಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ ಇಳಿಯುತ್ತವೆ, ಪ್ರತಿ ಸ್ವರದ ಪಕ್ಕದಲ್ಲೇ ಆಗ ಹಾಕಬೇಕಾದ ಹೆಜ್ಜೆ. ಇಂದಿಗೂ ರೆಕಾರ್ಡರ್ ನುಡಿಸುವವರು ಆ ಮಟ್ಟುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಹೆಜ್ಜೆಯ ಸಾಲನ್ನು ಬಿಟ್ಟು ಸ್ವರದ ಸಾಲನ್ನಷ್ಟೇ ಬರೆದುಕೊಂಡರೆ ಅವರ ಕೈಗೂ ಸಿಗುವುದು ಅರ್ಧ ಪುಸ್ತಕ. ದೂರವೇಕೆ, ಬೇಲೂರಿನಲ್ಲಿ ಕುಣಿಯುವ ಮದನಿಕೆಯರ ಕಾಲ ಬಳಿ ಮದ್ದಳೆಯವರನ್ನು ಕಡೆದ ರೂವಾರಿಗಳಿಗೂ ಹೆಜ್ಜೆ, ನಾದ ಬೇರೆ ಬೇರೆಯಲ್ಲ ಎಂಬುದು ಗೊತ್ತಿತ್ತು.

ಶಾಸ್ತ್ರೀಯ ಪಾಠ ಬೇಡವೆಂದು ನಾನು ಹೇಳುತ್ತಿಲ್ಲ. ಕೋಲಾಟವನ್ನು ಅದರ ಬಾಲಂಗೋಚಿ ಮಾಡುವುದು ಬೇಡ. ಮಗುವಿಗೆ ಮೊದಲು ಎರಡು ಕೋಲು ಕೊಟ್ಟು ನಾಲ್ಕು ಜನರ ನಡುವೆ ಬಿಡಲಿ. ತಪ್ಪಿದರೆ ಎದುರಿನವರ ಕೋಲು ಬೆರಳಿಗೆ ತಾಗುತ್ತದೆ. ಲಯ ಅಷ್ಟರಲ್ಲೇ ಮೈಗೆ ಹತ್ತುತ್ತದೆ. ಕೊಳಲು ಆಮೇಲೆ ಬರಲಿ.

ಹಾಳೆಯನ್ನು ಮಡಿಸಿಟ್ಟು ನಾನು ಅಜ್ಜಿಯ ಜೊತೆ ಅಂಗಳದಲ್ಲಿ ಕೋಲು ಹಿಡಿದು ಸುತ್ತಿದೆ, ಸುಮಾರು ಎರಡು ತಿಂಗಳು. ಒಂದು ಸಂಜೆ ನಿಂತುಕೊಂಡು ಜಾತ್ರೆಯ ಕೊಳಲಲ್ಲಿ ಮೊದಲ ಸೊಲ್ಲನ್ನಷ್ಟೇ ಎತ್ತಿ ಬಿಟ್ಟೆ. ಅಜ್ಜಿ ಕೂತಲ್ಲಿಂದಲೇ ಎರಡನೆಯದನ್ನು ಹಾಡಿದರು. ನಾನು ಉಸಿರು ತೆಗೆದುಕೊಂಡೆ.